ಇಬ್ಬರ ಹೆಸರಿನಲ್ಲಿ ಒಂದು ವಾರ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡುಕಿ ತಂಗಿಯ ನಮಸ್ಕಾರ. ಬಂದ ದಿನವೇ ಬರೆಯುತ್ತೇನೆಂದು ಮಾತು ಕೊಟ್ಟವಳು ಇವತ್ತು ಕೂತಿದ್ದೇನೆ, ಬೈಯಬೇಡ. ಇದರ ಫೋಟೋ ತೆಗೆದು ಭಾವನ ಫೋನಿಗೆ ಕಳಿಸುತ್ತೇನೆ, ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತು ಓದುತ್ತಾರೆ. ಭಾವ, ನಿಧಾನವಾಗಿ ಓದಿ, ಪೇಪರ್ ಓದಿದ ಹಾಗೆ ಓಡಿಸಬೇಡಿ.

ಈ ರೆಸಾರ್ಟ್ ಮನೆಯನ್ನು ಹುಡುಕಿದ್ದು ನೀನೇ. ತಿಂಗಳುಗಟ್ಟಲೆ ಕಂಪ್ಯೂಟರ್ ಮುಂದೆ ಕೂತೆ. ಟೈಮ್‌ಶೇರ್ ಎಂದರೆ ಒಂದೇ ಮನೆಗೆ ಹತ್ತಾರು ಯಜಮಾನರು, ಒಬ್ಬೊಬ್ಬರಿಗೆ ವರ್ಷಕ್ಕೊಂದು ವಾರ ಎಂದು ನನಗೆ ಪಾಠ ಮಾಡಿದೆ. ತನ್ನ ವಾರವನ್ನು ಬಾಡಿಗೆಗೆ ಕೊಡಲು ಒಪ್ಪಿದ ಹೆಂಗಸನ್ನು ಫೋನಿನಲ್ಲಿ ಗೋಳುಹೊಯ್ದುಕೊಂಡೆ. "ಊಟ ತಿಂಡಿ ಎಲ್ಲಾ ಸೇರಿದೆ ಅಂತೀರಲ್ಲ, ಎರಡನೇ ಸಲದ ಟೀನೂ ಸೇರಿದೆಯಾ?" ಎಂದು ನೀನು ಕೇಳಿದಾಗ ಆಕೆ ನಕ್ಕಿದ್ದು ನನಗೂ ಕೇಳಿಸಿತ್ತು. ಇಬ್ಬರ ಹೆಸರನ್ನೂ ಬರೆಸಿದೆ. ಇನ್ನೇನು ಹೊರಡಬೇಕು ಅನ್ನುವಾಗ ನೀನು ಬಚ್ಚಲಲ್ಲಿ ಬಿದ್ದೆ. ಒಂದು ಕೈ, ಒಂದು ಕಾಲು ಹೋಯಿತು, ಬಾಯಿ ಸೊಟ್ಟಗಾಯಿತು. ಆದರೂ "ನೀ ಹೋಗು, ಹೇಗಿದೆ ಅಂತ ಬರಿ" ಎಂದು ತೊದಲಿದೆ. ನಿನ್ನ ಮಾತು ಮೀರುವ ಧೈರ್ಯ ನನಗೆ ಯಾವತ್ತಿತ್ತು? ಬಂದೆ.

ಜಾಗ ಚೆನ್ನಾಗಿದೆ. ಸಮುದ್ರ ಜಗಲಿಯ ಮೆಟ್ಟಿಲ ತನಕ ಬಂದು ಹೋಗುತ್ತದೆ. ಮೊದಲ ದಿನ ಊಟದ ಹಾಲ್‌ನಲ್ಲಿ ಬಡಿಸುವವನು ಎರಡು ತಟ್ಟೆ ಇಟ್ಟ. ನಾನೊಬ್ಬಳೇ ಎಂದೆ. "ನಿಮ್ಮಕ್ಕ ಆಗ್ಲೇ ಬಂದಿದ್ರಲ್ಲ ಮೇಡಂ? ಕೈಗೆ ಬಲ ಇರ್ಲಿಲ್ಲ, ನಾನೇ ಚಮಚ ಹಿಡಿಸಿದೆ" ಎಂದ. ಯಾರನ್ನೋ ನೋಡಿ ನೀನೆಂದು ತಿಳಿದಿದ್ದಾನೆ ಎಂದುಕೊಂಡು ಊಟ ಮುಗಿಸಿದೆ.

ಮರುದಿನ ಕೋಣೆ ಗುಡಿಸುವವಳು ಹೇಳಿದಳು: "ಅಕ್ಕಾವ್ರು ನಿನ್ನೆ ಕಾಲೆಳೀತಿದ್ರು, ಇವತ್ತು ಗೋಡೆ ಹಿಡೀದೇ ನಡೆದ್ರು. ಇಲ್ಲಿನ ಗಾಳಿ ಒಗ್ಗಿದೆ ನೋಡಿ." ಅವಳ ಕೈಯಲ್ಲಿದ್ದ ಹೊದಿಕೆ ನಾನು ಮುಟ್ಟಿಯೂ ನೋಡದ ಎರಡನೇ ಮಂಚದ್ದು. ಅದು ಒದ್ದೆಯಾಗಿತ್ತು, ಅದರ ತುಂಬ ಮರಳು ಮೆತ್ತಿತ್ತು. ಅದೇ ಸಂಜೆ ಭಾವ ಫೋನ್ ಮಾಡಿ, ಅಲ್ಲಾಡುತ್ತಿದ್ದ ನಿನ್ನ ಬೆರಳು ಇವತ್ತು ಅಲ್ಲಾಡಲಿಲ್ಲ ಎಂದರು.

ನಿನ್ನೆ ಬಡಿಸುವವನು ನಗುನಗುತ್ತಾ ಬಂದ. "ನಿಮ್ಮಕ್ಕ ಭಾರೀ ತಮಾಷೆ ಮೇಡಂ. ಎರಡನೇ ಟೀನೂ ಸೇರಿದೆಯಾ ಅಂತ ಕೇಳಿದ್ರು." ಅಕ್ಕಾ, ಆ ಮಾತನ್ನು ನಾನಿಲ್ಲಿ ಯಾರ ಹತ್ತಿರವೂ ಆಡಿಲ್ಲ. ಸಂಜೆ ಭಾವನ ಫೋನ್: ನೀನು ಕಣ್ಣು ಬಿಡುತ್ತಿಲ್ಲವಂತೆ.

ನಾನು ಪೆದ್ದಿಯೇ ಇರಬಹುದು, ಇಷ್ಟು ಲೆಕ್ಕ ನನಗೂ ಬರುತ್ತದೆ. ನೀನು ಇಲ್ಲಿ ಗಟ್ಟಿಯಾದಷ್ಟೂ ಅಲ್ಲಿ ಕರಗುತ್ತಿದ್ದೀಯ. "ಅವಳಿಗೆ ಏನೂ ಕೊಡಬೇಡಿ" ಎಂದು ಬಡಿಸುವವನಿಗೆ ಹೇಳಿದೆ. "ಎಲ್ಲಾ ಸೇರಿದೆ ಮೇಡಂ, ಬೇಡ ಅನ್ನೋ ಹಾಗಿಲ್ಲ" ಎಂದ. ನೀನು ಮಲಗದಿರಲಿ ಎಂದು ಎರಡನೇ ಮಂಚದ ಮೇಲೆ ಪೆಟ್ಟಿಗೆ ಹೇರಿದೆ. ಬೆಳಗ್ಗೆ ಪೆಟ್ಟಿಗೆ ನೆಲದ ಮೇಲಿತ್ತು, ನನ್ನ ಬಟ್ಟೆಗಳೆಲ್ಲ ನೀನು ಮಡಿಸುವ ಹಾಗೆ, ತೋಳು ಒಳಗೆ ಹಾಕಿ, ಮಡಿಸಿಟ್ಟಿದ್ದವು.

ನಿನ್ನ ಕಾಲಿಗೆ ಬೀಳುತ್ತೇನೆ, ಇಲ್ಲಿಗೆ ಬರಬೇಡ. ನೋಡುವುದನ್ನೆಲ್ಲ ನಾನೇ ನೋಡಿ ಬರೆದಿದ್ದೇನಲ್ಲ. ಅಲ್ಲೇ ಮಲಗಿರು, ಸೊಟ್ಟ ಬಾಯಲ್ಲೇ ನನ್ನನ್ನು ಬೈ. ಭಾವ, ಅವಳ ಕೈ ಬಿಡಬೇಡಿ. ಹಿರಿಯಳನ್ನು ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ನೂರು ಕಾಲ ಬಾಳು.

ನಿನ್ನ,
ಬಾಯಿಬಡುಕಿ

ತಾ.ಕ.: ಇದನ್ನು ಇನ್ನೂ ಕಳಿಸಿಲ್ಲ. ಆಗಿನಿಂದ ಭಾವ ಫೋನ್ ಮಾಡುತ್ತಲೇ ಇದ್ದಾರೆ, ನಾನು ಎತ್ತುತ್ತಿಲ್ಲ. ಜಗಲಿಯಲ್ಲಿ ನೀನು ಯಾರ ಜೊತೆಗೋ ನಗುತ್ತಿದ್ದೀಯ. ಇಲ್ಲಿ ನಿನ್ನ ದನಿ ನನ್ನ ಕಿವಿಗೇ ಬಿದ್ದದ್ದು ಇದೇ ಮೊದಲು. ಫೋನ್ ಎತ್ತಿದರೆ ನೀನು ಸತ್ತಿರುತ್ತೀಯ. ಎತ್ತದಿದ್ದರೆ ಬಾಗಿಲಾಚೆ ಇದ್ದೀಯ. ಬರಬೇಡ ಎಂದು ಬರೆದ ಕೈ ಇದೇ, ಆದರೆ ಅಮ್ಮ ಹೋದ ಮೇಲೆ ನನಗೆ ಅಂತ ಇದ್ದವಳು ನೀನೊಬ್ಬಳೇ. ಚಿಲಕ ತೆಗೆದಿದ್ದೇನೆ ಅಕ್ಕಾ, ಬಾ.