ಕೆಂಪು ಬುಷ್, ಕರಿ ಬುಷ್

ಮನೆ,
ಹದಿನಾಲ್ಕನೇ ತಾರೀಖು, ಶನಿವಾರ

ನಮ್ಮ ಮನೆಯ ದನದ ಡಾಕ್ಟರಮ್ಮನಿಗೆ ಅತ್ತೆಯ ಪ್ರೀತಿಯ ಆಶೀರ್ವಾದ.

ಕೆಮ್ಮು ಹೇಗಿದೆ ಮಗಳೇ? ತರಬೇತಿಯ ಹಾಸ್ಟೆಲಿನಲ್ಲಿ ಬಿಸಿನೀರು ಕೊಡದಿದ್ದರೆ ಬರೆದು ದೂರು ಕೊಡು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬರೆದದ್ದು ಕಡೇಪಕ್ಷ ಕಪಾಟಿಗಾದರೂ ಹೋಗುತ್ತದೆ. ನನ್ನ ಮಂಡಿನೋವು ಅದರ ಪಾಡಿಗೆ ಅದಿದೆ. ನಿನ್ನ ಗಂಡ ಅಡುಗೆ ಕಲಿಯುತ್ತಿರುವುದರಿಂದ ನಾವಿಬ್ಬರೂ ಸ್ವಲ್ಪ ಇಳಿದಿದ್ದೇವೆ.

ಈಗ ಜೀಪಿನ ವಿಷಯ. ಹಳ್ಳ ಇಳಿದರೆ ಲೊಟಕ್, ದಿಣ್ಣೆ ಹತ್ತಿದರೆ ಲೊಟಕ್ ಎನ್ನುತ್ತದೆಂದು ನನ್ನ ಮಗರಾಯ ಅದನ್ನು ಮಾರಿ, ನೀನು ಬರುವಷ್ಟರಲ್ಲಿ ಚಿಕ್ಕದೊಂದು ಬಿಳಿ ಕಾರು ತಂದು ನಿಲ್ಲಿಸುವ ಹೂಟ ಹೂಡಿದ್ದಾನೆ. ಫೋನಿನಲ್ಲಿ ಕೇಳಿದ್ದಕ್ಕೆ ನೀನು "ಆಗಲಿ ಬಿಡಿ" ಎಂದೆಯಂತೆ. ಜೀವಮಾನವೆಲ್ಲ ತರಗತಿಯಲ್ಲಿ "ಅರ್ಥ ಆಯ್ತು ಟೀಚರ್" ಕೇಳಿದವಳು ನಾನು. ಯಾವುದು ಒಪ್ಪಿಗೆ, ಯಾವುದು ಬರೀ ಸುಸ್ತು ಎಂದು ನನಗೆ ತಿಳಿಯದೆ? ನಿನ್ನ ದುಡಿಮೆಯಲ್ಲಿ ನೀನು ಕೊಂಡ ಗಾಡಿ ಅದು. ಬಿಳಿ ಕಾರು ಗುಡ್ಡದ ಮೊದಲ ತಿರುವಿನಲ್ಲೇ ಹೊಟ್ಟೆ ಉಜ್ಜಿಕೊಂಡು ಕೂತುಬಿಡುತ್ತದೆ. ಆಮೇಲೆ ಮೇಲಿನ ಕೊಟ್ಟಿಗೆಗಳಿಗೆ ಹೋಗುವವರು ಯಾರು? ನಿನ್ನನ್ನು ಆಸ್ಪತ್ರೆಯ ಮೇಜಿಗೆ ಕಟ್ಟಿಹಾಕಿದ ಹಾಗೆಯೇ ಸೈ. "ಸದ್ದು ನಿಂತರೆ ಜೀಪು ಉಳೀಬೇಕು" ಎಂದು ಹಟ ಹಿಡಿದೆ. "ನಿಂತ್ರೆ ನೋಡೋಣಮ್ಮ" ಎಂದ, ಥೇಟು ಚುನಾವಣೆಗೆ ನಿಂತವರ ಧಾಟಿಯಲ್ಲಿ.

ಅಲ್ಲ, ರಸ್ತೆ ರಸ್ತೆಯ ಹಾಗಿದ್ದರೆ ಜೀಪು ಯಾಕೆ ಹೀಗೆ ಗೋಳಾಡೀತು? ಗುಡ್ಡದ ರಸ್ತೆಗೆ ಡಾಂಬರು ಬಿತ್ತೆಂದು ಫಲಕ ಹಾಕಿದ ವರ್ಷ ನಿನ್ನ ಗಂಡನಿಗೆ ಮೀಸೆ ಮೂಡಿರಲಿಲ್ಲ. ಇವತ್ತು ಅಲ್ಲಿನ ಗುಂಡಿಗಳಿಗೆ ಓಟು ಹಾಕುವ ವಯಸ್ಸು ಬಂದಿದೆ, ಫಲಕ ಮಾತ್ರ ಗಟ್ಟಿಯಾಗಿ ನಿಂತಿದೆ.

ಮೆಕ್ಯಾನಿಕ್ ಯಾರೆಂದು ನಿನಗೆ ಗೊತ್ತಲ್ಲ, ನನ್ನ ಹಳೆಯ ಶಿಷ್ಯ ಗ್ರೀಸಣ್ಣ. ಗ್ರೀಸಿನ ಇತಿಹಾಸದಲ್ಲಿ ಫೇಲಾದವನು ಈಗ ಗ್ರೀಸಿನಲ್ಲೇ ಬದುಕುತ್ತಿದ್ದಾನೆ. ಅವನು ಗಾಡಿಯ ಕೆಳಗೆ ತೂರಿ, "ಟೀಚರ್, ಬುಷ್ಷೆಲ್ಲ ಹೋಗಿದೆ" ಎಂದ. ಸ್ಪ್ರಿಂಗ್ ಪಟ್ಟಿ ಜೀಪಿನ ಚೌಕಟ್ಟನ್ನು ಸೇರುವ ಕಡೆಯಲ್ಲೆಲ್ಲ ಬಳೆಯಂಥದ್ದೊಂದು ಇರುತ್ತದಂತೆ, ಕಬ್ಬಿಣ ಕಬ್ಬಿಣವನ್ನು ತಿನ್ನದಿರಲೆಂದು. ಅತ್ತೆ ಸೊಸೆಯರ ನಡುವೆ ಮಗನಿದ್ದ ಹಾಗೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಆ ಬುಷ್ಷೇ ಸದ್ದು ಮಾಡುವುದು, ಆ ಮಾತು ಬೇರೆ.

ಬಿಡಿಭಾಗದ ಅಂಗಡಿಯವನು ಮೊದಲು ತೆಗೆದಿಟ್ಟದ್ದು ಕಂಪನಿಯ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದ್ದ ನಕಲಿ ಮಾಲು. "ಹೆಸರು ಬರೆಯಲು ಬಾರದವರು ಬುಷ್ ಮಾಡಬಲ್ಲರೇ?" ಎಂದು ನಾನು ದನಿಯೇರಿಸಿದ್ದಕ್ಕೆ ಅದು ಒಳಗೆ ಹೋಯಿತು. ಉಳಿದದ್ದು ಎರಡು: ಕರೀ ರಬ್ಬರಿನದು, ಮತ್ತೆ ಪಾಲಿಯುರೆಥೇನ್ ಎಂಬ ಗಟ್ಟಿ ಪದಾರ್ಥದ ಕೆಂಪನೆಯದು. ಗ್ರೀಸಣ್ಣ ಕೆಂಪಿಗೆ ಮರುಳಾದ. "ಇದಕ್ಕೆ ಸಾವೇ ಇಲ್ಲ ಟೀಚರ್." "ಇದು ಸಾಯದಿದ್ದರೆ ಇದರ ಬದಲು ನನ್ನ ಸೊಸೆಯ ಸೊಂಟ ಸಾಯುತ್ತದಪ್ಪ" ಎಂದೆ. ಉಗುರಿನಲ್ಲಿ ಒತ್ತಿ ನೋಡಿದೆ, ಕೆಂಪು ಜಪ್ಪಯ್ಯ ಎಂದರೂ ತಗ್ಗಲಿಲ್ಲ, ಕರಿದು ಸ್ವಲ್ಪ ತಗ್ಗಿ ಮತ್ತೆ ಎದ್ದಿತು. ವೇಗವಾಗಿ ಓಡಿಸುವವರಿಗೆ, ಭಾರ ಹೊರುವವರಿಗೆ ಕೆಂಪೇ ಸರಿ ಇರಬಹುದು. ನೀನು ಹೋಗುವುದು ಒಂದು ಚಕ್ರ ಬಂಡೆಯ ಮೇಲೆ, ಒಂದು ಚಕ್ರ ಕೊರಕಲಲ್ಲಿ ಇಟ್ಟುಕೊಂಡು ಆಮೆಯ ಹಾಗೆ, ಹಿಂದುಗಡೆ ಗಾಜಿನ ಔಷಧಿ ಸೀಸೆಗಳು. ಅಲ್ಲಿ ತಿರುಚಿಕೊಂಡು ಹೊಂದಿಕೊಳ್ಳುವ ಗುಣ ಬೇಕು. ಕರಿಯದನ್ನೇ ಪೊಟ್ಟಣ ಕಟ್ಟಿಸಿದೆ. "ಹೋದ ಸಲ ಹಾಕಿದ್ದೂ ಕರೀದೇ, ಒಂದು ಮಳೆಗಾಲ ಬಾಳಲಿಲ್ಲ" ಎಂದು ಗ್ರೀಸಣ್ಣ ದಾರಿಯುದ್ದಕ್ಕೂ ಗೊಣಗಿದ.

ಆ ಮಾತು ನನ್ನನ್ನು ಕೊರೆಯಿತು. ಇವತ್ತು ಬೆಳಿಗ್ಗೆ ಅವನು ಕಳಚಿ ಹಾಕಿದ ಹಳೆಯ ಬುಷ್ಷುಗಳನ್ನು ಗ್ಯಾರೇಜಿನ ಬೆಂಚಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಎಲ್ಲವೂ ಒಂದೇ ಥರ ತಿರುಚಿ ಹರಿದಿದ್ದವು, ಹಿಂಡಿ ಹಾಕಿದ ಬಟ್ಟೆಯ ಹಾಗೆ. ಗುಂಡಿಗೆ ಬಿದ್ದು ಹರಿದಿದ್ದರೆ ಒಂದೊಂದು ಒಂದೊಂದು ಥರ ಇರಬೇಕಿತ್ತಲ್ಲ? ಗ್ರೀಸಣ್ಣನೂ ಬಂದು ನೋಡಿದ, ಜಾಕಿನ ಮೇಲೆ ಕಾಲು ಜೋತುಬಿಟ್ಟು ನಿಂತಿದ್ದ ಜೀಪನ್ನು ನೋಡಿದ, ಹಣೆ ಚಚ್ಚಿಕೊಂಡ. "ಹೋದ ಸಲ ಗಾಡಿ ಹೀಗೆ ಜಾಕಿನ ಮೇಲಿರುವಾಗ್ಲೇ ಬೋಲ್ಟ್ ಬಿಗಿದುಬಿಟ್ಟಿದ್ದೆ ಟೀಚರ್! ರಬ್ಬರು ಅಲ್ಲೇ ಕಚ್ಕೊಂಡಿದೆ, ಕೆಳಗಿಳಿಸಿದ ಮೇಲೆ ಹಗಲೂ ರಾತ್ರಿ ತಿರುಚ್ಕೊಂಡೇ ಇದ್ದಿದೆ ಪಾಪ!" ಹೊಸದನ್ನು ಸಡಿಲವಾಗಿ ಕೂರಿಸಿ, ಜೀಪನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಬಿಗಿಯುವುದೆಂದು ತೀರ್ಮಾನವಾಯಿತು. "ಡಾಕ್ಟರಮ್ಮ ದಿನಾ ಹೊರುವಷ್ಟು ತೂಕ ಒಳಗಿರ್ಲಿ" ಎಂದ. ನಾನು ನಿನ್ನ ಜಾಗದಲ್ಲಿ ಕೂತೆ, ಪಕ್ಕದಲ್ಲಿ ನಿನ್ನ ಗಂಡ. ಹಿಂದೆ ಒಂದು ಕರುವಿನ ತೂಕ ಬೇಕಿತ್ತು.

ಅಷ್ಟರಲ್ಲಿ ನಿನ್ನ ಗಂಡ ಮಾತಾಡಿಟ್ಟಿದ್ದ ಜೀಪು ಕೊಳ್ಳುವವರು ಬಂದರು. ಯಾರೆಂದುಕೊಂಡೆ? ಗುಡ್ಡದ ರಸ್ತೆ ಮಾಡಿದ ಗುತ್ತಿಗೆದಾರರೇ! ಅವರ ಕಾರು ಅವರದೇ ರಸ್ತೆಯಲ್ಲಿ ಓಡುವುದಿಲ್ಲವಂತೆ, ಅದಕ್ಕೆ ನಮ್ಮ ಜೀಪು ಬೇಕಂತೆ. ನನಗೆ ಕೋಪ ನೆತ್ತಿಗೇರಿತು, ಆದರೆ ಅವರ ಗಾತ್ರ ನೋಡಿ ಇಳಿಯಿತು. "ಬನ್ನಿ, ಹಿಂದೆ ಕೂತ್ಕೊಳ್ಳಿ" ಎಂದೆ. ಕರುವಿನ ಜಾಗದಲ್ಲಿ ಅವರು ಮಿಸುಕಾಡದೆ ಕೂತರು. ಗ್ರೀಸಣ್ಣ ಕೆಳಗಿನಿಂದ, "ಕರು ಅಲ್ಲಾಡಬಾರ್ದು!" ಎಂದು ಕೂಗಿದ. ನಿನ್ನ ಗಂಡ ಕೆಮ್ಮುವ ನೆಪದಲ್ಲಿ ಮುಖ ಮುಚ್ಚಿಕೊಂಡ.

ಬೋಲ್ಟು ಬಿಗಿದಾದ ಮೇಲೆ ಗ್ರೀಸಣ್ಣನೇ ಓಡಿಸಿದ, ಗುಡ್ಡದ ಮೂರನೆಯ ತಿರುವಿನವರೆಗೂ ಎಲ್ಲರೂ ಹೋಗಿಬಂದೆವು ಮಗಳೇ. ಲೊಟಕ್ ಎಂಬ ಸದ್ದೇ ಇಲ್ಲ! ಚಕ್ರ ಕೊರಕಲಿಗೆ ಇಳಿಯುತ್ತದೆ, ಏಳುತ್ತದೆ, ಮೈ ಮಾತ್ರ ತೊಟ್ಟಿಲಿನಲ್ಲಿ. ನಿನ್ನ ಸೀಸೆಗಳು ಒಂದಕ್ಕೊಂದು ಪಿಸುಮಾತೂ ಆಡಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಗುತ್ತಿಗೆದಾರರೂ ತಟ್ಟಿದರು, ಅಲ್ಲೇ ಎಡವಟ್ಟಾಯಿತು. ನಮ್ಮ ಮನೆಯ ಮುಂದೆ ಇಳಿದವರೇ, ಮೊದಲು ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ಸಂಜೆಯೇ ಒಯ್ಯುತ್ತೇನೆ ಎಂದರು. ನಿನ್ನ ಗಂಡ ನನ್ನ ಕಡೆ ತಿರುಗಿ, "ಇಷ್ಟು ಚೆನ್ನಾಗಿರೋವಾಗ್ಲೇ ಮಾರೋದು ಜಾಣತನ ಅಲ್ವಾಮ್ಮ?" ಎಂದ. ಸದ್ದು ಮಾಡಿದರೂ ಮಾರಬೇಕು, ಸದ್ದು ನಿಂತರೂ ಮಾರಬೇಕು! ಯಾವ ಪಕ್ಷದವನು ಇವನು? ಒಳ್ಳೆಯ ಹುಡುಗನೇ, ನಿನಗೆ ಗುಡ್ಡದಲ್ಲಿ ಏನಾದರೂ ಆದೀತೆಂಬ ಹೆದರಿಕೆ ಅವನದು. ಆದರೆ ಅವನ ಹೆದರಿಕೆಗೆ ನಿನ್ನ ಗಾಡಿ ಯಾಕೆ ದಂಡ ತೆರಬೇಕು? ನಾನು ಸೀದಾ ಒಳಗೆ ಬಂದು ಈ ಪತ್ರ ಹಿಡಿದು ಕೂತೆ.

ವೇಳೆಗೆ ಸರಿಯಾಗಿ ಉಣ್ಣು, ಕುತ್ತಿಗೆಗೆ ಬಟ್ಟೆ ಸುತ್ತಿಕೊ. ನೀನು ಮುಟ್ಟಿದ ದನವೆಲ್ಲ ಎದ್ದು ಮೇಯಲಿ, ನೀನೂ ಅದರಂತೆ ಗಟ್ಟಿಯಾಗಿರು.

ನಿನ್ನ ಅತ್ತೆ

ಮರೆತಿದ್ದೆ: ಗುತ್ತಿಗೆದಾರರು ಆಗಲೇ ಬಂದು ಜಗಲಿಯಲ್ಲಿ ಕೂತಿದ್ದಾರೆ. ನಿನ್ನ ಗಂಡ ಜೀಪಿನ ಕೀಲಿಗಾಗಿ ಹಾಸಿಗೆ, ಅಕ್ಕಿ ಡಬ್ಬ, ನನ್ನ ಪುಸ್ತಕದ ಕಪಾಟು ಎಲ್ಲ ತಡಕಾಡುತ್ತಿದ್ದಾನೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಓಡುತ್ತೇನೆ. ಲಕೋಟೆ ಯಾಕಿಷ್ಟು ಭಾರ ಎಂದು ಗಾಬರಿಯಾಗಬೇಡ, ಎರಡೂ ಕೀಲಿಗಳು ಇದರಲ್ಲೇ ಇವೆ. ಮಾರುವುದಿದ್ದರೆ ನೀನೇ ಬಂದು ಮಾರು.