ಬಸಿರು ಒಬ್ಬಳದು, ಲಿಂಗ ಇನ್ನೊಬ್ಬಳಿಗೆ

ಹಳೇನಗರ, ಭದ್ರಾವತಿ
17-11-2024, ಭಾನುವಾರ

ಚಿ. ಸೌ. ತನುಜಾಳಿಗೆ,

ನಿನ್ನ ಅವ್ವ ಮಾಡುವ ಆಶೀರ್ವಾದ. ನಾವಿಬ್ಬರೂ, ಅಲ್ಲ ಮೂವರೂ, ಚೆನ್ನಾಗಿದ್ದೇವೆ.

ಭದ್ರಾವತಿಯಿಂದ ನಿಮ್ಮ ಹೊಸಮನೆ ಬಡಾವಣೆಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಅಷ್ಟು ದೂರಕ್ಕೆ ಅಂಚೆ ಚೀಟಿ ಹಚ್ಚುವವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀನು ಫೋನ್ ಎತ್ತುವುದಿಲ್ಲ. ಮೂರು ವಾರ ಕಾದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ, ಎರಡರಲ್ಲೂ ನಿಮ್ಮತ್ತೆಗೆ ಬೈಗುಳವೇ ಜಾಸ್ತಿಯಾಗಿತ್ತು. ಇದರಲ್ಲಿ ಕಡಿಮೆ ಇದೆ.

ನನಗೆ ಎಂಟು ತಿಂಗಳು ತುಂಬುತ್ತಾ ಬಂತು. ನಲವತ್ತೆರಡರ ಬಸಿರು, ಬಿಪಿ ಏರಬಾರದು ಎಂದು ಡಾಕ್ಟರಮ್ಮ ಉಪ್ಪು ಕಡಿಮೆ ಮಾಡಿಸಿದ್ದಾರೆ. ನಿಮ್ಮಪ್ಪ ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಾರೆ. ಅವರ ಕಥೆ ಕೇಳು. ವಿಷಯ ಹೊರಬಿದ್ದ ಹೊಸದರಲ್ಲಿ ಹಾಲು ತರಲು ನಡೆದು ಹೋಗುವಾಗಲೂ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಈಗ ಮಾಚೇನಹಳ್ಳಿಯ ಲೇತ್ ಶೆಡ್ಡಿನಲ್ಲಿ ಯಾರಾದರೂ ತಮಾಷೆ ಮಾಡಿದರೆ, ಹೌದ್ರೀ ನಮ್ಮದೇ, ಏನೀಗ ಎನ್ನುತ್ತಾರಂತೆ.

ನಿಮ್ಮತ್ತೆ ದೂರುವುದರಲ್ಲಿ ಒಂದು ನಿಜ, ಅದನ್ನು ಮುಚ್ಚಿಡುವುದಿಲ್ಲ. ನಾನು ಹೂಂ ಎಂದಿದ್ದೆ. ಮುಟ್ಟು ನಿಲ್ಲುವ ಕಾಲ ಬಂತೆಂದು ಸುಮ್ಮನಿದ್ದವಳಿಗೆ ಐದನೇ ತಿಂಗಳಲ್ಲಿ ಬಸಿರು ಎಂದು ಗೊತ್ತಾದಾಗ ಕೈಕಾಲೇ ಆಡಲಿಲ್ಲ. ಆಗಲೇ ನಿಮ್ಮತ್ತೆ ಹಣ್ಣು ಹೂವು ತಂದು, ನಾಲ್ಕು ವರ್ಷದಿಂದ ನಿನಗೆ ಮಕ್ಕಳಾಗಲಿಲ್ಲವೆಂದು ನನ್ನ ಕೈ ಹಿಡಿದು ಅತ್ತರು. ಕೂಸನ್ನು ತನುಜಾಳಿಗೆ ಕೊಟ್ಟುಬಿಡಿ, ಮನೆಯ ಕೂಸು ಮನೆಯಲ್ಲೇ ಇರುತ್ತದೆ ಎಂದರು. ನೀನು ಅವರ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದೆ. ಹಾಗೆ ನೋಡುವ ಮಗಳಿಗೆ ಯಾವ ತಾಯಿ ಇಲ್ಲ ಎಂದಾಳು? ಒಪ್ಪಿಕೊಂಡೆ.

ಆಸ್ಪತ್ರೆಯಲ್ಲಿ ಇಂಥ ವಿಷಯಕ್ಕೇ ಒಬ್ಬ ಮೇಡಂ ಇದ್ದಾರೆ. ಸಾಕುವುದಾದರೆ ಸಾಕಿ, ಕೊಡುವುದಾದರೆ ದತ್ತು ಎಂದು ಹೇಳಿಯೇ ಕಾಗದ ಪತ್ರ ಮಾಡಿ ಕೊಡಿ, ಯಾರ ಒತ್ತಾಯಕ್ಕೂ ಬೀಳಬೇಡಿ ಎಂದರು. ಅದನ್ನು ನಿಮ್ಮತ್ತೆಗೆ ಹೇಳಿದರೆ ಅವರು ನಕ್ಕರು. ಕಾಗದ ಯಾಕೆ, ಹೆರಿಗೆಯನ್ನೇ ತನುಜಾಳ ಹೆಸರಿನಲ್ಲಿ ಬರೆಸೋಣ, ನೀವು ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಎಲ್ಲಾದರೂ ಇದ್ದುಬಿಡಿ ಎಂದರು. ಅದನ್ನೂ ನುಂಗಿಕೊಂಡೆ, ನಿನಗೋಸ್ಕರ.

ಆದರೆ ಅವತ್ತಿನದನ್ನು ನುಂಗಲಾಗಲಿಲ್ಲ. ಎಂಟನೇ ತಿಂಗಳಲ್ಲಿ ಹೊಟ್ಟೆಯ ಕೂಸಿನ ಹೆಸರಿನಲ್ಲಿ ತಾಯಿಗೆ ಲಿಂಗ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹೆತ್ತ ಮೇಲೆ ಅದು ಕೂಸಿಗೆ ಹೋಗುತ್ತದೆ. ಆ ಶಾಸ್ತ್ರವನ್ನು ನಿಮ್ಮ ಮನೆಯಲ್ಲೇ ಗುಟ್ಟಾಗಿ ನನಗೆ ಮಾಡುತ್ತಾರೆಂದು ಖುಷಿಯಾಗಿ ಬಂದೆ. ನೋಡಿದರೆ ಮಣೆಯ ಮೇಲೆ ನೀನು. ಸೀರೆಯೊಳಗೆ ಸಣ್ಣ ದಿಂಬು. ಬೀದಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ನನ್ನನ್ನು ಹಿಂದಿನ ಬಾಗಿಲಿನಿಂದ ಕರೆದು ಕೋಣೆಯಲ್ಲಿ ಕೂರಿಸಿ, ಕೆಮ್ಮಬೇಡಿ ಎಂದು ಹೇಳಿ ನಿಮ್ಮತ್ತೆ ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಅಯ್ಯನವರು ಮಂತ್ರ ಶುರು ಮಾಡಿದಾಗ ಒಳಗೆ ಕೂಸು ಒದೆಯಿತು. ಕಥೆ ಕಟ್ಟಿ ಹೇಳುತ್ತಿಲ್ಲ, ಅದು ದಿನಾ ಆ ಹೊತ್ತಿಗೆ ಒದೆಯುತ್ತದೆ. ಆದರೆ ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೂಸಿನ ದೇವರನ್ನು ದಿಂಬಿಗೆ ಕಟ್ಟುತ್ತಾರಲ್ಲ, ನಾನು ಕಳ್ಳಿಯ ಹಾಗೆ ಕೆಮ್ಮು ತಡೆದುಕೊಂಡು ಕೂತಿದ್ದೇನಲ್ಲ ಎಂದು. ಎದ್ದು ಬಂದು ನಿನ್ನ ಪಕ್ಕ ಕೂತೆ.

"ಕೂಸು ಇಲ್ಲಿದೆ ಅಯ್ಯನೋರೆ. ಲಿಂಗ ಇಲ್ಲಿಗೆ ಕಟ್ಟಿ."

ಪಾಪ, ಅವರಿಗೇನೂ ಗೊತ್ತಿರಲಿಲ್ಲ. ಇಬ್ಬರ ಹೊಟ್ಟೆಯನ್ನೂ ನೋಡಿದರು, ನನ್ನ ಕೊರಳಿಗೇ ಕಟ್ಟಿದರು. ಈ ವಯಸ್ಸಿನಲ್ಲಿ ಬಸಿರಾಗಲು ನಾಚಿಕೆಯಿಲ್ಲ, ಮಾತು ತಪ್ಪಲೂ ನಾಚಿಕೆಯಿಲ್ಲ ಎಂದು ನಿಮ್ಮತ್ತೆ ಬೀದಿಯವರ ಮುಂದೆ ಕೂಗಾಡಿದರು. ಮಾತು ತಪ್ಪಿದ್ದು ಹೌದು. ನಾಚಿಕೆ ಮಾತ್ರ ಯಾತಕ್ಕೆ? ಕಟ್ಟಿಕೊಂಡ ಗಂಡನ ಜೊತೆ ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳು ನಾನು. ಎದುರು ಮನೆಯ ಹುಚ್ಚಮ್ಮನೂ ಮೊನ್ನೆ, ಮಗಳ ಬಾಣಂತನ ಮಾಡುವ ವಯಸ್ಸಿನಲ್ಲಿ ಇದೇನು ಎಂದಳು. ಆನೆ ನಡೆದದ್ದೇ ದಾರಿ ಎಂದು ಹೇಳಿ, ಹೊಟ್ಟೆ ಮುಂದೆ ಮಾಡಿಕೊಂಡೇ ಸಂತೆಗೆ ಹೋಗಿ ಬಂದೆ. ಸೊಪ್ಪಿನವಳು ಒಂದು ಕಟ್ಟು ಸುಮ್ಮನೆ ಕೊಟ್ಟಳು.

ತನು, ಈ ಕೂಸನ್ನು ನಾನು ಯಾರಿಗೂ ಕೊಡುವುದಿಲ್ಲ. ನಿನಗೂ ಇಲ್ಲ. ಅರವತ್ತಕ್ಕೆ ಕಾಲೇಜಿನ ಫೀಸು ಕಟ್ಟಬೇಕಾದೀತು, ಕಟ್ಟುತ್ತೇನೆ. ಜನ ಅಜ್ಜಿಯೇ ಎಂದು ಕೇಳಿದರೆ ಅವ್ವ ಎನ್ನುತ್ತೇನೆ. ನಿನಗೆ ಮಗು ಬೇಕು ಎನ್ನುವುದು ನನಗೆ ಗೊತ್ತು. ದತ್ತು ಬೇಕಾದರೆ ನೀನೂ ಅಳಿಯ ಜ್ಞಾನೇಶನೂ ತಲೆ ಎತ್ತಿಕೊಂಡು ಹೋಗಿ ಅರ್ಜಿ ಹಾಕಿ. ಅವತ್ತು ನಾನೂ ಜೊತೆಗೆ ಬರುತ್ತೇನೆ, ಕಂಕುಳಲ್ಲಿ ಕೂಸು ಇದ್ದರೂ ಸರಿ. ಆದರೆ ಇನ್ನೊಂದು ಸಲ ದಿಂಬು ಕಟ್ಟಿಕೊಳ್ಳಬೇಡ ಮಾರಾಯ್ತಿ. ಹೆರದಿದ್ದರೆ ನೀನೇನೂ ಕಡಿಮೆಯಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜ್ಞಾನೇಶನಿಗೂ ಆಶೀರ್ವಾದ ತಿಳಿಸು. ದೇವರು ನಿನ್ನ ಮಡಿಲನ್ನೂ ತುಂಬಲಿ, ಯಾವ ದಾರಿಯಿಂದಲಾದರೂ ಸರಿ.

ನಿನ್ನ ಅವ್ವ,
ಕಾಶಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನೀನು ಹೊಟ್ಟೆಗೆ ಬಂದಾಗಲೂ ನನಗೆ ಬೇಡವಾಗಿತ್ತು. ಹದಿನೆಂಟು ವರ್ಷ, ಪಿಯುಸಿ ಮುಗಿದಿರಲಿಲ್ಲ. ತರೀಕೆರೆಯ ನನ್ನ ಅಕ್ಕನಿಗೆ ಮಕ್ಕಳಿರಲಿಲ್ಲ. ಹನ್ನೆರಡು ದಿನದ ನಿನ್ನನ್ನು ಅವಳ ಮಡಿಲಿಗೆ ಹಾಕಿ ಬಂದೆ. ಹನ್ನೊಂದು ತಿಂಗಳು ತಡೆದುಕೊಂಡೆ, ಆಮೇಲೆ ಆಗಲಿಲ್ಲ, ಹೋಗಿ ವಾಪಸು ತಂದೆ. ನೀನು ಅವಳ ಸೆರಗು ಹಿಡಿದು ಅವ್ವಾ ಅವ್ವಾ ಎಂದು ಅಳುತ್ತಿದ್ದೆ. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ಅಕ್ಕ ನಿನ್ನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ಹಾಕಿ ಕೊಟ್ಟಳು. ಇವತ್ತಿಗೂ ನನ್ನ ಜೊತೆ ಮಾತಾಡಿಲ್ಲ. ದೊಡ್ಡಮ್ಮ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ನೀನು ಕೇಳಿದಾಗಲೆಲ್ಲ ಸುಳ್ಳು ಹೇಳಿದ್ದೇನೆ. ನನ್ನ ಬುದ್ಧಿ ನನಗೆ ಗೊತ್ತು ತನು. ಈ ಕೂಸನ್ನು ನಿನಗೆ ಕೊಟ್ಟರೂ ಒಂದು ದಿನ ನಾನು ವಾಪಸು ಕೇಳಲು ಬಂದೇ ಬರುತ್ತೇನೆ. ಅವತ್ತು ಬಟ್ಟೆ ಮಡಿಸಿ ಕೊಡುವವಳು ನೀನಾಗಬಾರದು.