ಗೂಬೆಗೆ ಹೋದ ಗುಂಡಿಗಳು

ಮಂಗಳವಾರ, ಹದಿನಾಲ್ಕು.

ತಪ್ಪು ನನ್ನದೇ, ಒಪ್ಪಿಕೊಂಡೆ. ಹಳೆಯ ಬಟ್ಟೆ ಎಸೆಯುವ ಮುಂಚೆ ಗುಂಡಿ ಬಿಚ್ಚಿ ಡಬ್ಬಕ್ಕೆ ಹಾಕುವುದು ನನ್ನ ಹತ್ತು ವರ್ಷದ ಅಭ್ಯಾಸ. ಕೈ ಎಷ್ಟು ಪಳಗಿದೆಯೆಂದರೆ, ಇವತ್ತು ಅಕ್ಕನ ಜೊತೆ ಫೋನಿನಲ್ಲಿ ಹರಟುತ್ತಾ, ನನ್ನವರು ಇಸ್ತ್ರಿಗೆಂದು ಇಟ್ಟಿದ್ದ ಬಿಳಿ ಶರ್ಟಿನ ಏಳೂ ಗುಂಡಿ ಕತ್ತರಿಸಿಬಿಟ್ಟಿದ್ದೇನೆ. ನಾಳೆ ಇವರಿಗೆ ಹೊಸ ಕೆಲಸದ ಸಂದರ್ಶನ. ಇರುವುದು ಅದೊಂದೇ ಒಳ್ಳೆಯ ಶರ್ಟು.

ಐದು ಗುಂಡಿ ಡಬ್ಬದಲ್ಲೇ ಸಿಕ್ಕವು. ಉಳಿದೆರಡು ಅಷ್ಟರಲ್ಲೇ ಮಗಳ ಬಟ್ಟೆಯ ಗೂಬೆ ಬೊಂಬೆಗೆ ಕಣ್ಣಾಗಿದ್ದವು.

"ಬಿಚ್ಚಲ್ಲಮ್ಮ! ಈಗ ತಾನೇ ಅದು ನೋಡೋಕೆ ಶುರು ಮಾಡಿದೆ," ಎಂದು ಗೂಬೆಯನ್ನು ಎದೆಗವಚಿಕೊಂಡು ಓಡಿದಳು.

ಇವರು ಬನಿಯನ್ನಿನಲ್ಲೇ ನಿಂತು ನಕ್ಕರು. "ಹೀಗೇ ಹೋಗ್ಲಾ ನಾಳೆ?"

"ಸುಮ್ನಿರ್ರೀ. ನನ್ನ ಡಬ್ಬದಲ್ಲಿಲ್ಲದ ಗುಂಡಿ ಯಾವ ಅಂಗಡೀಲೂ ಇಲ್ಲ."

ಜಂಬದ ಮಾತಲ್ಲ, ಇದ್ದವು. ಅದೇ ಬಿಳುಪು, ಅದೇ ಅಳತೆ. ಆದರೆ ಅವು ತಳದಲ್ಲಿ ಕಾಗದ ಸುತ್ತಿಟ್ಟಿದ್ದ ಎರಡು: ಅಪ್ಪ ತೀರಿಕೊಂಡಾಗ ಅವರ ಅಂಗಿಯಿಂದ ಬಿಚ್ಚಿಕೊಂಡವು, ನನ್ನ ಸಂಗ್ರಹದ ಮೊದಲ ಗುಂಡಿಗಳು. ಇಷ್ಟು ವರ್ಷ ಯಾವುದಕ್ಕೂ ಹೊಲಿದಿರಲಿಲ್ಲ. ಕಾಗದ ಬಿಚ್ಚಿ ಕೈಗೆ ತೆಗೆದುಕೊಂಡೆ.

ಕೆಳಗೆ, ಪ್ಯಾಂಟಿನೊಳಗೆ ಮರೆಯಾಗುವ ಕಡೆ ಹೊಲಿಯಬಹುದಿತ್ತು. ಹೊಲಿಯಲಿಲ್ಲ. ಎರಡನ್ನೂ ಎದೆಯ ಮೇಲೇ ಹಾಕಿದೆ, ದಾರ ನಾಲ್ಕು ಸುತ್ತು ಬಿಗಿದು.

"ನಿನ್ನ ಗಂಡ ಯಾವ ಕೆಲಸದಲ್ಲೂ ನೆಟ್ಟಗೆ ನಿಲ್ಲಲ್ಲ ಬಿಡು" ಎಂದು ಕೊನೆಯವರೆಗೂ ಅನ್ನುತ್ತಿದ್ದರಲ್ಲ ಅಪ್ಪ. ನಾಳೆ ಅಳಿಯನ ಎದೆಯ ಮೇಲೇ ಕೂತು ನೋಡಲಿ.